ಬಾಗಿಲಲ್ಲಿ ನಿಂತು ಕೂಗುವವನು

ಈ ವಾರ ಪಕ್ಕದ ಹಳೆಯ ಮನೆಯನ್ನು ಕೆಡವುತ್ತಿದ್ದಾರೆ. ಹೊಸೂರಿನ ಅವಲಪಲ್ಲಿಯ ನನ್ನ ಬಾಡಿಗೆ ಕೋಣೆಯ ತುಂಬ ಹಳೆಯ ಗಾರೆಯ ವಾಸನೆ. ನಿಮಗೆ ಅದು ಬರೀ ಧೂಳು. ನನಗೆ ಮಾತ್ರ ಆ ವಾಸನೆ ಬಂದೊಡನೆ ಕತ್ತು ತಾನಾಗಿ ಮೇಲಕ್ಕೆ ಹೊರಳುತ್ತದೆ. ಕಣ್ಣು ಬಾಗಿಲ ಮೇಲಿನ ಕಲ್ಲನ್ನು ಹುಡುಕುತ್ತದೆ. ಇಲ್ಲಿರುವುದು ಕಾಂಕ್ರೀಟು. ಅದಕ್ಕೂ ಅಂಜುತ್ತೇನೆ. ಡಿಗ್ರಿ ಓದಿದವನು, ಏನು ಹೇಳಲಿ.

ಕೋಟೆ ನೋಡುವ ಹುಚ್ಚು ಹಿಡಿಸಿದವನು ನಾಗಣ್ಣ. ಹೊಸೂರಿನ ಕಾರ್ಖಾನೆಯಲ್ಲಿ ನನ್ನದೇ ಶಿಫ್ಟು. ಗುಮ್ಮಳಾಪುರದವನು, ನನಗಿಂತ ಬಹಳ ದೊಡ್ಡವನು. ಭಾನುವಾರ ಬಂತೆಂದರೆ ಬಸ್ಸು ಹತ್ತುತ್ತಿದ್ದೆವು. ರಾಯಕೋಟೆ, ಕೃಷ್ಣಗಿರಿ, ರಜೆ ಸಿಕ್ಕರೆ ವೆಲ್ಲೂರು. ಯಾವ ರಾಜ ಆಳಿದನೆಂದು ಫೋನು ನೋಡಿ ಹೇಳುವವನು ನಾನು, ಬುತ್ತಿ ಬಿಚ್ಚುವವನು ಅವನು. ಯಾರ ಕೆಲಸ ದೊಡ್ಡದೆಂದು ನೀವೇ ಹೇಳಿ.

ಅವನಿಗೊಂದು ಅಭ್ಯಾಸವಿತ್ತು. ಎಂಥ ಪಾಳು ಕೋಟೆಯಾದರೂ ಬಾಗಿಲ ಮುಂದೆ ಚಪ್ಪಲಿ ಕಳಚಿ, ಹಿಂದೆ ಸರಿದು ನಿಂತು ಕೂಗುತ್ತಿದ್ದ. “ಯಾರವ್ರೆ ಮನೇಲಿ?” ಸ್ವಲ್ಪ ಕಾದು ತೆಲುಗಿನಲ್ಲಿ, “ಎವರಂಡಿ ಇಂಟ್ಲೋ?” ಮತ್ತೂ ಕಾದು ತಮಿಳಿನಲ್ಲಿ, “ವೀಟ್ಲ ಯಾರುಂಗ?” ಅವನ ಊರಲ್ಲಿ ಯಾರ ಮನೆಗಾದರೂ ಹೊಸಿಲಲ್ಲಿ ಕೂಗದೆ ಹೋಗುವಂತಿಲ್ಲ.

“ಬಾವಲಿ ಬಿಟ್ರೆ ಇಲ್ಲಿ ಇನ್ಯಾರಿದ್ದಾರೆ ಅಣ್ಣ?” ಎಂದು ನಗುತ್ತಿದ್ದೆ.

“ಬಾಳಿದೋರ ಮನೆ ಕಣ್ಲಾ. ಯಾವ ಭಾಷೆಯೋರೋ ಏನೋ. ಹೇಳ್ದೆ ಕೇಳ್ದೆ ನುಗ್ಗೋಕೆ ನಾವೇನು ದಂಡು ಕಟ್ಕಂಡು ಬಂದಿದ್ದೀವಾ?”

ಕೃಷ್ಣಗಿರಿಯಾಚೆಯ ಒಂದು ಬೋಳುಗುಡ್ಡದ ಕೋಟೆಗೆ ಬೋರ್ಡೂ ಇಲ್ಲ. ಮಳೆ ಸುರಿದ ಮಾರನೆಯ ಬೆಳಗ್ಗೆ ಅಲ್ಲಿಗೆ ಹೋದೆವು. ನಾನು ಹಿಂದೆ ನಿಂತು ನೀರು ಕುಡಿಯುತ್ತಿದ್ದೆ. ನಾಗಣ್ಣ ಕನ್ನಡದಲ್ಲಿ ಕೂಗಿದ. ತೆಲುಗಿನಲ್ಲಿ ಕೂಗಿದ. ತಮಿಳು ಬಾಯಿಗೆ ಬರುವ ಮೊದಲೇ ಬಾಗಿಲ ಮೇಲಿನ ಕಲ್ಲು ಬಿತ್ತು.

ಗಾರೆಯ ಧೂಳು ಇಳಿದಾಗ ಅವನು ತಲೆಯಿಂದ ಕಾಲಿನವರೆಗೆ ಬೆಳ್ಳಗೆ ನಿಂತಿದ್ದ. ಚಪ್ಪಲಿ ಕಲ್ಲಿನಡಿ ಹೋಗಿತ್ತು.

“ಬ್ಯಾಡ ಅಂದ್ರು ಕಣ್ಲಾ,” ಎಂದ. ಬರಿಗಾಲಲ್ಲೇ ಗುಡ್ಡ ಇಳಿದ. ಆಮೇಲೆ ಯಾವ ಕೋಟೆಗೂ ಬರಲಿಲ್ಲ.

ಆ ಬೆಳಗನ್ನು ಈಗಲೂ ತಿರುಗಿಸಿ ತಿರುಗಿಸಿ ನೋಡುತ್ತೇನೆ. ಅವನಿಗೆ ತೆಲುಗು ಬಾರದಿದ್ದರೆ? ನಾನು ಕಾದು ಬೇಸತ್ತು “ಸಾಕು ನಡಿಯಣ್ಣ” ಎಂದಿದ್ದರೆ? ಕನಸಿನಲ್ಲಂತೂ ಕಲ್ಲು ಪ್ರತಿ ಸಲವೂ ಸ್ವಲ್ಪ ಬೇಗ ಬೀಳುತ್ತದೆ.

ನಾಗಣ್ಣ ಈಗ ಕೆಲಸ ಬಿಟ್ಟು ಗುಮ್ಮಳಾಪುರದಲ್ಲಿ ಟೊಮೇಟೊ ಬೆಳೆಯುತ್ತಾನೆ. ಆಗಾಗ ಫೋನು ಮಾಡುತ್ತಾನೆ. “ನಮ್ಮನೆಗೆ ಬಾರ್ಲಾ. ಇಲ್ಲಿ ಕೂಗಿದ್ರೆ ಓ ಅನ್ನೋರು ಅವ್ರೆ.” ಬರುತ್ತೇನೆ ಎನ್ನುತ್ತೇನೆ, ಹೋಗುವುದಿಲ್ಲ. ಅವನ ಮುಖ ಕಂಡರೆ ಕಲ್ಲು ಮತ್ತೆ ಬಿದ್ದೀತೆಂಬ ಭಯ. ನನ್ನ ಭಾನುವಾರಗಳೆಲ್ಲ ಈಗ ಈ ಕೋಣೆಯೊಳಗೇ.

ಇವತ್ತು ಸಂಜೆ ಹಾಲು ತಂದು ನನ್ನ ಕೋಣೆಯ ಬಾಗಿಲ ಮುಂದೆ ನಿಂತೆ. ಎಂದಿನಂತೆ ಮೇಲೆ ನೋಡಿದೆ. ಯಾಕೋ ಕೂಗಬೇಕೆನಿಸಿತು. “ಯಾರವ್ರೆ ಮನೇಲಿ?” ಕಾದೆ. ತೆಲುಗಿನಲ್ಲಿ ಕೂಗಿ ಕಾದೆ. ತಮಿಳಿನಲ್ಲಿ ಕೂಗಿದಾಗ ಎದುರು ಮನೆಯ ಅಜ್ಜಿ ಹೊರಗೆ ಬಂದರು. ನನ್ನ ಕೈಯಲ್ಲಿದ್ದ ಬೀಗದ ಕೈಯನ್ನೂ ನನ್ನ ಮುಖವನ್ನೂ ನೋಡಿದರು.

“ಯಾರು ವೇಣುಂ ತಂಬಿ?” ಯಾರು ಬೇಕಪ್ಪ?

ಹಾಲನ್ನು ಅವರ ಕೈಗೆ ಕೊಟ್ಟೆ. ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಗುಮ್ಮಳಾಪುರದ ಬಸ್ಸಿಗೆ ನಡೆದೆ.