ಪುಟ್ಟಿಯಲ್ಲಿ ಉಳಿದ ಕಲ್ಲು

ಇದನ್ನು ಯಾರಿಗೂ ಹೇಳಬಾರದೆಂದು ಒಂದು ವರ್ಷ ಸುಮ್ಮನಿದ್ದೆ. ನಾನು ದೆವ್ವಗಿವ್ವ ನಂಬುವ ಪೈಕಿ ಅಲ್ಲ. ಕಂಪ್ಲಿಯಲ್ಲಿ ನಮ್ಮದು ಅಕ್ಕಿ ಗಿರಣಿ. ಗಿರಣಿ ಹಿಂದೆ ಹೆಂಗಸು ನಕ್ಕಳೆಂದು ಹಮಾಲರು ಓಡಿಬಂದಾಗ, ಬ್ಯಾಟರಿ ಹಿಡಿದು ಹೋಗಿ, ಅದು ಸಡಿಲಾದ ಬೆಲ್ಟಿನ ಸದ್ದೆಂದು ತೋರಿಸಿ ಬೈದು ಕಳಿಸಿದವಳು ನಾನು. ಅಂಥವಳೇ ಹೇಳುತ್ತಿದ್ದೇನೆ... ಇದು ನಡೆದದ್ದು. ನನ್ನ ಕೈಯಿಂದಲೇ ನಡೆದದ್ದು.

ನಮ್ಮದೊಂದು ಇತಿಹಾಸ ಬಳಗವಿದೆ. ತಿಂಗಳಿಗೊಂದು ಭಾನುವಾರ ಎಲ್ಲಾದರೂ ಹೋಗುತ್ತೇವೆ. ನಾನು ಕಾರ್ಯದರ್ಶಿ. ಅಂದರೆ ಚಿತ್ರಾನ್ನ ಕಟ್ಟಿಸುವವಳು, ಬಸ್ಸು ಗೊತ್ತು ಮಾಡುವವಳು, ಹೊತ್ತಾಯಿತೆಂದು ಎಲ್ಲರನ್ನೂ ಗದರುವವಳು. ನನಗೆ ಟೈಮಿನ ಹುಚ್ಚು. ಹಂಪಿಯಲ್ಲಿ ಶಾಸನದ ಮುಂದೆ ಕಣ್ಣು ಮುಚ್ಚಿ ನಿಂತ ಮೇಷ್ಟ್ರೊಬ್ಬರನ್ನು ರಟ್ಟೆ ಹಿಡಿದು ಬಸ್ಸಿಗೆ ಹತ್ತಿಸಿದ್ದೇನೆ ಎಂದು ಇವತ್ತಿಗೂ ಆಡಿಕೊಳ್ಳುತ್ತಾರೆ.

ಹಂಪಿಯನ್ನೇ ಎಷ್ಟು ಸಲ ನೋಡುವುದು? ಕಳೆದ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ, ಸಂಡೂರು ಗುಡ್ಡದಲ್ಲಿ ಕೈಬಿಟ್ಟ ಮ್ಯಾಂಗನೀಸ್ ಸುರಂಗವೊಂದನ್ನು ನೋಡಲು ಹೊರಟೆವು. ಅದರ ಬಾಯನ್ನು ಕಲ್ಲು ಕಟ್ಟಿ ಮುಚ್ಚುತ್ತಾರೆಂದು ಸುದ್ದಿ ಬಂದಿತ್ತು. ದಾರಿ ತೋರಿಸಲು ಪಾಪಿನಾಯಕನಹಳ್ಳಿಯ ಹುಲುಗಪ್ಪಜ್ಜ ಬಂದ. ಹರೆಯದಲ್ಲಿ ಅದೇ ಸುರಂಗದಲ್ಲಿ ಕಲ್ಲು ಒಡೆದವನು. ದುಡ್ಡು ಕೊಡುತ್ತೇವೆಂದರೆ ತಲೆ ಅಲ್ಲಾಡಿಸಿದ.

"ರೊಕ್ಕ ಬ್ಯಾಡ್ರಿ ಅಕ್ಕಾರ. ಮುಚ್ಚೋದ್ರೊಳಗ ಒಮ್ಮೆ ನೋಡ್ಬೇಕು. ಅಷ್ಟ."

ಅವನ ಕಂಕುಳಲ್ಲಿ ಹಳೆಯದೊಂದು ಬಿದಿರು ಪುಟ್ಟಿ ಇತ್ತು.

ದಾರಿಯಲ್ಲಿ ಬಸ್ಸಿನ ಟೈರು ಕೈಕೊಟ್ಟಿತು. ಹಾಗಾಗಿ ಮೂರು ಗಂಟೆಗೆ ಮುಟ್ಟಬೇಕಾದವರು ಸುರಂಗದ ಬಾಯಿಗೆ ಬಂದದ್ದು ಸಂಜೆ ಐದೂವರೆ ದಾಟಿದ ಮೇಲೆ. ಕೆಂಪು ಮಣ್ಣು ಇನ್ನೂ ಹಸಿಯಾಗಿತ್ತು. ಒಳಗಿನಿಂದ ಬಾವಲಿ ಹಿಕ್ಕೆಯ ಘಾಟು, ತಣ್ಣನೆಯ ಗಾಳಿ... ಅಜ್ಜ ಪುಟ್ಟಿಯನ್ನು ಸುರಂಗದ ಬಾಯಲ್ಲಿಟ್ಟು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಒಳಗ ಹೋಗೋರು ಒಂದೊಂದು ಕಲ್ಲು ಹಾಕ್ರಿ. ಹೊರಗ ಬಂದು ನಿಮ್ಮ ಕಲ್ಲು ನೀವ ತಗೀರಿ. ಇದು ಇಲ್ಲಿ ಪದ್ಧತಿ."

ಮದ್ದು ಸಿಡಿಸುವ ಮೊದಲು ಮೇಸ್ತ್ರಿ ಪುಟ್ಟಿ ನೋಡುತ್ತಿದ್ದನಂತೆ. ಖಾಲಿಯಿದ್ದರೆ ಎಲ್ಲರೂ ಹೊರಗೆ ಬಂದಿದ್ದಾರೆ. ಕಲ್ಲು ಉಳಿದಿದ್ದರೆ ಯಾರೋ ಒಳಗಿದ್ದಾರೆ. ಹಾಜರಿ ಪುಸ್ತಕವೂ ಇತ್ತು, ಆದರೆ ಅದರಲ್ಲಿ ಗಂಡಸರ ಹೆಸರು ಮಾತ್ರ. ಹೆಂಗಸರನ್ನು ಸುರಂಗದೊಳಗೆ ಬಿಡುವಂತಿಲ್ಲವೆಂದು ಕಾನೂನಿತ್ತು. ಕಂಟ್ರಾಕ್ಟರ್ ಬಿಡುತ್ತಿದ್ದ, ಹೆಸರು ಮಾತ್ರ ಬರೆಯುತ್ತಿರಲಿಲ್ಲ. ಹೆಂಗಸರು ಎಲೆಯಡಿಕೆಗೆ ತಂದ ಸುಣ್ಣವನ್ನೇ ಕಲ್ಲಿಗೆ ಒಂದು ಬೊಟ್ಟು ಹಚ್ಚಿ, ಅದೇ ತಮ್ಮ ಗುರುತೆಂದು ಹಾಕುತ್ತಿದ್ದರಂತೆ.

ನಮ್ಮವರಿಗೆ ಇದು ಭಾಳ ಹಿಡಿಸಿತು. ಫೋಟೋ ಹೊಡೆದುಕೊಂಡು ಒಬ್ಬೊಬ್ಬರೇ ಕಲ್ಲು ಹಾಕಿದರು. ನನ್ನನ್ನೂ ಸೇರಿಸಿ ಹನ್ನೊಂದು ಜನ, ಹನ್ನೊಂದು ಕಲ್ಲು. ನಾನೇ ಎಣಿಸಿದೆ. ಅಜ್ಜ ಒಳಗೆ ಬರಲಿಲ್ಲ.

ಮೂವತ್ತು ಹೆಜ್ಜೆಗಿಂತ ಮುಂದೆ ಯಾರನ್ನೂ ಬಿಡಲಿಲ್ಲ ನಾನು. ಮುಂದೆ ಎಡಕ್ಕೊಂದು ಕವಲು ಕುಸಿದು ಮುಚ್ಚಿತ್ತು. ಮೊಬೈಲ್ ಬೆಳಕಿನಲ್ಲಿ ಗೋಡೆಯ ಉಳಿ ಗುರುತು ನೋಡುತ್ತಿದ್ದಾಗ ಆ ಕವಲಿನ ಕಡೆಯಿಂದ ಸದ್ದು ಬಂತು.

ಟಕ್... ಟಕ್... ಟಕ್...

ಕಲ್ಲಿನ ಮೇಲೆ ಸಣ್ಣ ಸುತ್ತಿಗೆ ಬಿದ್ದ ಹಾಗೆ. ನೀರು ತೊಟ್ಟಿಕ್ಕುತ್ತಿರಬೇಕೆಂದೆ. ಕಾಲೇಜಿನಲ್ಲಿ ಪಾಠ ಮಾಡುವ ನಮ್ಮ ವೀರೇಶ ಮೆಲ್ಲಗೆ, "ಮೇಡಂ, ಮದ್ದಿನ ವಾಸ್ನಿ ಬರಾಕತ್ತೈತಲ್ರಿ," ಅಂದ. ನನ್ನ ಮೂಗಿಗೂ ಬಂದಿತ್ತು, ಪಟಾಕಿ ಸುಟ್ಟಾದ ಮೇಲಿನ ಘಾಟು. ನಡೀರಿ, ಟೈಮಾಯಿತು ಎಂದು ಎಲ್ಲರನ್ನೂ ಹೊರಡಿಸಿದೆ.

ಹೊರಗೆ ಸೂರ್ಯ ಮುಳುಗಿದ್ದ. ಒಬ್ಬೊಬ್ಬರೂ ಕಲ್ಲು ತೆಗೆದುಕೊಂಡು ಬಸ್ಸಿನ ಕಡೆ ಇಳಿದರು. ಕೊನೆಯವಳು ನಾನು. ನನ್ನ ಕಲ್ಲು ತೆಗೆದೆ.

ಪುಟ್ಟಿಯಲ್ಲಿ ಇನ್ನೊಂದು ಕಲ್ಲಿತ್ತು.

ಬಸ್ಸಿನತ್ತ ಹೋಗುತ್ತಿದ್ದವರನ್ನು ಕೂಗಿ ನಿಲ್ಲಿಸಿ ತಲೆ ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ, ಹನ್ನೊಂದೇ. ಎಲ್ಲರ ಕೈಯಲ್ಲೂ ಕಲ್ಲಿತ್ತು. ಬಗ್ಗಿ ಮೊಬೈಲ್ ಬೆಳಕು ಹಾಕಿದೆ. ಕರಿ ಕಲ್ಲು, ನಿಂಬೆಹಣ್ಣಿನ ಗಾತ್ರ. ಮೇಲೊಂದು ಬಿಳಿ ಬೊಟ್ಟು.

ಅಜ್ಜನೇ ತಮಾಷೆಗೆ ಹಾಕಿರಬೇಕೆಂದು ಸಿಟ್ಟಿನಿಂದ ತಿರುಗಿದೆ. ಅಜ್ಜನ ಮುಖದಲ್ಲಿ ತಮಾಷೆ ಇರಲಿಲ್ಲ. ಅವನ ಕೈ ಪುಟ್ಟಿಯ ತನಕ ಹೋಗಿ ಹಿಂದಕ್ಕೆ ಬಂತು.

"ನಮ್ಮ ಈರಮ್ಮಂದು," ಅಂದ.

ಈರಮ್ಮ ಅವನ ಹೆಂಡತಿ. ಮದುವೆಯಾಗಿ ಎರಡು ವರ್ಷವಾಗಿತ್ತಂತೆ. ಅವತ್ತು ಹೊಸಪೇಟೆ ಸಂತೆಗೆ ಹೋಗುವ ಲಾರಿ ಕೆಳಗೆ ನಿಂತು ಹಾರ್ನ್ ಹೊಡೆಯುತ್ತಿತ್ತು. ಇಬ್ಬರೂ ಸುರಂಗದ ಬಾಯಿಗೆ ಬಂದಿದ್ದರು. ಈರಮ್ಮ ಸುತ್ತಿಗೆಯನ್ನು ಒಳಗೇ ಮರೆತು ಬಂದಿದ್ದಳು.

"ಸುತ್ತಿಗಿ ತಗೊಂಡ ಬರ್ತೀನಿ, ನೀ ಲಾರ್‍ಯಾಗ ಜಾಗ ಹಿಡಿ ಹೋಗು ಅಂದ್ಲರಿ. ಹೆಂಗೂ ಬರ್ತಾಳ ಅಂತ ನನ್ನ ಕಲ್ಲಿನ ಜೋಡಿ ಆಕಿದೂ ತಗದೆ. ಯಾಕ ತಗದ್ನೋ... ಜಲ್ದಿಗೆ ಬಿದ್ದಿದ್ದೆ. ಜಾಗ ಹಿಡದು ತಿರುಗಿ ನೋಡೋದ್ರಾಗ ಮೇಸ್ತ್ರಿ ಸೀಟಿ ಊದಿಬಿಟ್ಟಿದ್ದ."

ಮದ್ದು ಸಿಡಿದು ಕವಲು ಕುಸಿಯಿತು. ಒಳಗೆ ಹೆಂಡತಿ ಇದ್ದಾಳೆಂದು ಅಜ್ಜ ಕೂಗಿಕೊಂಡ. ಮೇಸ್ತ್ರಿ ಖಾಲಿ ಪುಟ್ಟಿ ತೋರಿಸಿದ. ಕಂಟ್ರಾಕ್ಟರ್ ಹಾಜರಿ ಪುಸ್ತಕ ತೋರಿಸಿದ. ಎರಡರಲ್ಲೂ ಈರಮ್ಮ ಇರಲಿಲ್ಲ. ಯಾರ ಜೊತೆಗೋ ಓಡಿಹೋಗಿದ್ದಾಳೆಂದು ಮಾತು ಹಬ್ಬಿಸಿದರು. ಒಬ್ಬರೂ ಮಣ್ಣು ತೆಗೆಯಲಿಲ್ಲ.

"ಆಕಿ ಒಳಗದಾಳ ಅನ್ನಾಕ ಇದ್ದದ್ದು ಅದೊಂದ ಕಲ್ಲು. ಅದನ್ನ ನಾನ ಕಿಸೆದಾಗ ಇಟ್ಕೊಂಡಿದ್ದೆ, ಅಕ್ಕಾರ."

ಅಷ್ಟರಲ್ಲಿ ಕೆಳಗೆ ಡ್ರೈವರ್ ಖಾಜಾ ಹಾರ್ನ್ ಹೊಡೆದ. ಏಳು ಗಂಟೆಗೆ ಅರಣ್ಯದ ಗೇಟು ಹಾಕುತ್ತಾರೆ. ಅದು ಕರಡಿ ಓಡಾಡುವ ಗುಡ್ಡ. ಅಜ್ಜ ಏಳುವ ಲಕ್ಷಣವೇ ಕಾಣಲಿಲ್ಲ.

"ನೀವು ಹೋಗ್ರಿ. ಈ ಸಲ ನಾ ಮುಟ್ಟಂಗಿಲ್ಲ. ಆಕಿ ಬಂದು ಆಕಿ ಕಲ್ಲು ಆಕಿನ ತಗೊಳ್ಳಲಿ. ನಾ ಇಲ್ಲೇ ಕುಂದರತೀನಿ."

"ರಾತ್ರಿ ಇಲ್ಲಿ ಬಿಟ್ಟು ಹೋಗಾಕ ಆಗತೈತೇನು ಅಜ್ಜಾ? ಕರಡಿ ಅದಾವ. ಏಳು, ಬಾ."

ಅವನು ಎದ್ದ, ಆದರೆ ನನ್ನ ಕಡೆ ಬರಲಿಲ್ಲ. ಸುರಂಗದ ಬಾಯಿಗೆ ಹೋಗಿ, ಬೆನ್ನು ನನ್ನತ್ತ ಮಾಡಿ, ಕತ್ತಲೊಳಕ್ಕೆ ಕರೆದ.

"ಈರಾ... ಸಾಕು ಬಾ. ಲಾರಿ ನಿಂತೈತಿ."

ಒಳಗೆ ಅಷ್ಟೊತ್ತೂ ಸಣ್ಣಗೆ ಕೇಳುತ್ತಿದ್ದ ಟಕ್ ಟಕ್ ನಿಂತಿತು. ಆಮೇಲೆ... ಬಳೆ ಸದ್ದು. ಒದ್ದೆ ನೆಲದ ಮೇಲೆ ಬರಿಗಾಲಿನ ಹೆಜ್ಜೆ. ದೂರದಿಂದ ಹತ್ತಿರಕ್ಕೆ, ಅವಸರವಿಲ್ಲದೆ ಬರುತ್ತಿತ್ತು.

ಕೆಳಗೆ ಮತ್ತೆ ಹಾರ್ನ್. ಆಗ ಹೆದರಿದ್ದೆನೋ, ಅಜ್ಜನನ್ನು ಉಳಿಸಬೇಕೆಂದಿದ್ದೆನೋ, ನನ್ನ ಹಾಳು ಟೈಮಿನ ಹುಚ್ಚೋ... ನನಗೇ ಗೊತ್ತಿಲ್ಲ. ಬಗ್ಗಿ ಪುಟ್ಟಿಯಿಂದ ಆ ಕಲ್ಲು ತೆಗೆದು ನನ್ನ ಬ್ಯಾಗಿಗೆ ಹಾಕಿಕೊಂಡೆ.

ಹೆಜ್ಜೆ ಸದ್ದು ಅಲ್ಲಿಗೇ ನಿಂತಿತು.

ಅಜ್ಜ ತಿರುಗಿದ. ಖಾಲಿ ಪುಟ್ಟಿ ನೋಡಿದ. ಆಮೇಲೆ ನನ್ನನ್ನು ನೋಡಿದ. ಆ ಮುಖವನ್ನು ನಾನು ಸಾಯುವ ತನಕ ಮರೆಯಲಾರೆ.

"ಬಂದ್ಲೇನ್ರಿ?"

"ಬಂದ್ಲು," ಅಂದೆ.

ಅಜ್ಜ ಸಣ್ಣ ಹುಡುಗನ ಹಾಗೆ ಅತ್ತ. ಅಳುತ್ತಲೇ ಗುಡ್ಡ ಇಳಿದ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಖಾಲಿ ಬಿಟ್ಟು ತಾನು ಈಚೆ ಕೂತ. ವೀರೇಶ ಅಲ್ಲಿ ಕೂರಲು ಹೋದರೆ, "ಜಾಗ ಹಿಡದೀನ್ರಿ," ಅಂದ. ವೀರೇಶ ನನ್ನ ಮುಖ ನೋಡಿದ. ನಾನು ಕಿಟಕಿಯಾಚೆ ನೋಡಿದೆ.

ಅವನನ್ನು ಬಿಡಲೆಂದೇ ಸುತ್ತು ಹಾಕಿ ಪಾಪಿನಾಯಕನಹಳ್ಳಿಗೆ ಹೋದೆವು. ಅಜ್ಜ ಮೊದಲು ತಾನಿಳಿದು, ಬಾಗಿಲಿನತ್ತ ಕೈ ಚಾಚಿ, "ಹುಷಾರಿ, ಮೆಟ್ಲು ಎತ್ರ ಐತಿ," ಅಂದ. ಖಾಜಾ ಏನೂ ಕೇಳದೆ, ಯಾರೋ ಇಳಿಯಲು ಬೇಕಾಗುವಷ್ಟು ಹೊತ್ತು ಬಸ್ಸು ನಿಲ್ಲಿಸಿದ.

ಮನೆಗೆ ಬಂದು ಬ್ಯಾಗ್ ತೆರೆದರೆ ಒಳಗಿನ ಬಟ್ಟೆಗೆಲ್ಲ ಸುಣ್ಣ ಹತ್ತಿತ್ತು. ಆಗಷ್ಟೇ ಹಚ್ಚಿದಂಥ ಹಸಿ ಸುಣ್ಣ.

ಎರಡು ತಿಂಗಳಿಗೆ ಅಜ್ಜ ತೀರಿಕೊಂಡ. ಮಣ್ಣಿಗೆ ಹೋಗಿದ್ದೆ. ಅವನ ತಮ್ಮನ ಮಗಳು ಹೇಳಿದಳು, "ಆ ಸಂಡೂರಿಗೆ ಹೋಗಿ ಬಂದ ಮ್ಯಾಲೆ ಭಾಳ ಸಮಾಧಾನ ಆಗಿದ್ದ ಅಕ್ಕ. ದಿನಾ ಉಣ್ಣಾಕ ಎರಡು ಗಂಗಾಳ ಇಟ್ಕೊಂತಿದ್ದ. ನೀವು ದೊಡ್ಡ ಪುಣ್ಯ ಕಟ್ಕೊಂಡ್ರಿ."

ನನಗೆ ಅಲ್ಲಿ ಕೂರಲಾಗಲಿಲ್ಲ. ಹೆಣ್ಣಾಗಿ ಇನ್ನೊಂದು ಹೆಣ್ಣಿನ ಕಲ್ಲನ್ನು ತೆಗೆದವಳು ನಾನು. ಅವನಾದರೂ ಪ್ರೀತಿಯಿಂದ, ಜಾಗ ಹಿಡಿಯುವ ಅವಸರದಲ್ಲಿ ತೆಗೆದಿದ್ದ. ನಾನು ಅವಳ ಹೆಜ್ಜೆ ಕೇಳಿಸಿಕೊಂಡೂ ತೆಗೆದೆ.

ವಾಪಸ್ ಇಡೋಣವೆಂದು ಮರುವಾರ ಖಾಜಾನನ್ನು ಕರೆದುಕೊಂಡು ಗುಡ್ಡಕ್ಕೆ ಹೋದೆ. ಹಾಡುಹಗಲು. ಸುರಂಗದ ಬಾಯಿಗೆ ಗೋಡೆ ಕಟ್ಟಿ ಗಾರೆ ಬಳಿದಿದ್ದರು. ಅಜ್ಜನ ಪುಟ್ಟಿ ಪಕ್ಕದಲ್ಲಿ ಮಗುಚಿ ಬಿದ್ದಿತ್ತು. ಅದನ್ನು ನೆಟ್ಟಗೆ ಮಾಡಿ ಕಲ್ಲು ಹಾಕಿದೆ. ಆಮೇಲೆ ಮತ್ತೆ ನಾನೇ ಎತ್ತಿಕೊಂಡೆ. ಅದನ್ನು ತೆಗೆದುಕೊಳ್ಳಲು ಅವಳು ಯಾವ ದಾರಿಯಿಂದ ಬರಬೇಕು?

ಗೋಡೆಗೆ ಕಿವಿಯಿಟ್ಟೆ. ಸುತ್ತಿಗೆ ಸದ್ದು ಇರಲಿಲ್ಲ. ಒಂದು ಸಲ ಮಾತ್ರ ಬಳೆ ಅಲುಗಿದ ಹಾಗಾಯಿತು, ಗೋಡೆಗೆ ತೀರ ಹತ್ತಿರದಲ್ಲಿ. ಖಾಜಾ ತನಗೇನೂ ಕೇಳಿಸಲಿಲ್ಲ ಎಂದ. ಇಳಿಯುವಾಗ ಅವನೂ ತಿರುತಿರುಗಿ ನೋಡುತ್ತಿದ್ದ.

ಕಲ್ಲು ಈಗ ನಮ್ಮ ಅಡುಗೆಮನೆ ಕಿಟಕಿಯಲ್ಲಿದೆ. ಇದನ್ನು ಓದಿದವರು ನಗಬಹುದು, ನಗಲಿ. ಬೇಸಿಗೆ ಬಂದು ಹೋಯಿತು, ಕಂಪ್ಲಿಯ ಬಿಸಿಲು ನಿಮಗೆ ಗೊತ್ತೇ ಇದೆ. ಇವತ್ತು ಬೆಳಿಗ್ಗೆಯೂ ಬೆರಳಿಟ್ಟು ನೋಡಿದೆ. ಸುಣ್ಣ ಇನ್ನೂ ಒಣಗಿಲ್ಲ.