ಪ್ರತಿ ಮಹಡಿಯಲ್ಲೂ ನಿಲ್ಲುವ ಪ್ರೋಗ್ರಾಮು

ಆ ಎತ್ತರದ ಕಟ್ಟಡದಲ್ಲಿ ಇಪ್ಪತ್ತಾರು ವರ್ಷ ಲಿಫ್ಟು ನಡೆಸಿದವನನ್ನು ಎಲ್ಲರೂ ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ದಿನಕ್ಕೆ ನೂರಾರು ಸಲ ಮೇಲೆ ಹೋಗಿ, ಅಷ್ಟೇ ಸಲ ಕೆಳಗೆ ಬಂದು, ಸಂಜೆಗೆ ನೋಡಿದರೆ ಎಲ್ಲಿಗೂ ಹೋಗದೆ ಉಳಿದ ಪುಣ್ಯಾತ್ಮ.

ಹೀಗಿರುವಾಗ ಹೊಸ ಲಿಫ್ಟು ಬಂತು. ಅದಕ್ಕೆ ಯಾರೂ ಬೇಕಿರಲಿಲ್ಲ. ಮ್ಯಾನೇಜರು ಅವನಿಗೆ ಎರಡು ದಾರಿ ತೋರಿಸಿದರು: ಬಿಸಿಲಲ್ಲಿ ನಿಂತು ಗೇಟು ಕಾಯುವುದು, ಇಲ್ಲವೇ ಆರು ವಾರ ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಮಿಂಗ್ ಕಲಿತು, ಪರೀಕ್ಷೆ ಪಾಸಾಗಿ, ಲಿಫ್ಟುಗಳ ನಿಯಂತ್ರಣ ಕೋಣೆಯಲ್ಲಿ ಕೂರುವುದು. ಅವನ ಮೊಣಕಾಲು ಎರಡನೆಯದನ್ನೇ ಆರಿಸಿತು.

"ಈ ವಯಸ್ಸಲ್ಲಿ ಸ್ಲೇಟು ಬಳಪಾನಾ?" ಎಂದಳು ಹೆಂಡತಿ.

"ಗೇಟಿಗೆ ಹೋದ್ರೆ ನೀನು ಬಂದು ಕೊಡೆ ಹಿಡೀತೀಯಾ?"

"ಕೊಡೆ ತಗೊಂಡ್ಹೋಗಿ. ನನ್ನನ್ನ ಕರೀಬೇಡಿ."

ಕಲಿಸುವ ಮೇಡಂ ಅವನ ಮಗಳಿಗಿಂತ ಚಿಕ್ಕವಳು. "ನೀವು ಟೈಪ್ ಮಾಡೋದು ಬರೀ ಬರಹ. ಕಂಪೈಲ್ ಮಾಡಿದ್ಮೇಲೇನೇ, ಅಂದ್ರೆ ಯಂತ್ರದ ಭಾಷೆಗೆ ತಿರುಗಿಸಿದ್ಮೇಲೇನೇ, ಅದು ಓಡೋ ಪ್ರೋಗ್ರಾಮು. ತಿದ್ದಿದಾಗೆಲ್ಲ ಮತ್ತೆ ಕಂಪೈಲ್ ಮಾಡ್ಬೇಕು" ಎಂದಳು. ಲಿಫ್ಟಣ್ಣ ತಲೆಯಾಡಿಸಿದ. ತಲೆಯಾಡಿಸಲು ಏನನ್ನೂ ಕಂಪೈಲ್ ಮಾಡಬೇಕಿರಲಿಲ್ಲ. ಎಣಿಕೆ ಸೊನ್ನೆಯಿಂದ ಶುರು ಎಂದಾಗ ತರಗತಿಯಲ್ಲಿದ್ದ ಡಿಗ್ರಿ ಓದಿದವರೆಲ್ಲ ಎಡವಿದರು. ಅವನಿಗೆ ಮಾತ್ರ ಅದು ನೀರು ಕುಡಿದಷ್ಟು ಸುಲಭ. "ನೆಲಮಹಡಿ ಸೊನ್ನೆ ತಾನೇ? ಇದಕ್ಕೆಲ್ಲ ಯಾಕ್ರಪ್ಪಾ ತಲೆ ಕೆರ್ಕೋತೀರಿ?"

ಪರೀಕ್ಷೆಯ ಪ್ರಶ್ನೆ ಒಂದೇ: ಸೊನ್ನೆಯಿಂದ ಒಂಬತ್ತರವರೆಗೆ ಮಹಡಿಗಳ ಸಂಖ್ಯೆಯನ್ನು ತೆರೆಯ ಮೇಲೆ ಮೂಡಿಸಬೇಕು. ಅವನು ಬರೆದ, ಕಂಪೈಲ್ ಮಾಡಿದ, ಓಡಿಸಿದ. 'ಮಹಡಿ 0' ಎಂದು ಬಂದು ನಿಂತಿತು.

"ಯಾಕೆ ನಿಂತಿದೆ?" ಎಂದಳು ಮೇಡಂ.

"ಎಂಟರ್ ಒತ್ತಿದ್ರೆ ಮುಂದಕ್ಕೆ ಹೋಗುತ್ತೆ."

ಒತ್ತಿದ. 'ಮಹಡಿ 1.' ಮತ್ತೆ ನಿಂತಿತು.

"ಪ್ರತಿ ಮಹಡೀಲೂ ನಿಲ್ಲುತ್ತಾ?"

"ಮತ್ತೆ? ಜನ ಇಳೀಬೇಡ್ವಾ ಮೇಡಂ?"

"ಇದ್ರೊಳಗೆ ಯಾರೂ ಇಲ್ಲ ಅಣ್ಣ."

"ಹೊರಗಿಂದ ಯಾರಾದ್ರೂ ಓಡ್ಬರ್ತಿರ್ತಾರೆ."

ಮೇಡಂ ಗಡಿಯಾರ ನೋಡಿದಳು. "ನಿಲ್ಲಿಸಿ ಅಂತ ಪ್ರಶ್ನೇಲಿ ಕೇಳಿಲ್ಲ. ಹೀಗೇ ಬಿಟ್ರೆ ಫೇಲು. ಇನ್ನು ಆರು ನಿಮಿಷ ಇದೆ."

ಒಲ್ಲದ ಮನಸ್ಸಿನಿಂದ ಆ ನಿಲ್ಲಿಸುವ ಸಾಲನ್ನು ಅಳಿಸಿದ. ಓಡಿಸಿದ. 'ಮಹಡಿ 0', ಮತ್ತೆ ನಿಂತಿತು. ಸಾಲು ಅಳಿಸಿಹೋಗಿದೆ, ಕಣ್ಣಿಗೆ ಕಾಣುತ್ತಿದೆ. ಇನ್ನೊಮ್ಮೆ, ಮತ್ತೊಮ್ಮೆ ಓಡಿಸಿದ. ನಿಂತಿತು. ಗುಂಡಿಯನ್ನು ನಾಲ್ಕು ಸಲ ಒತ್ತಿದರೆ ಲಿಫ್ಟು ಬೇಗ ಬರುತ್ತದೆಂದು ನಂಬಿದವರನ್ನು ಕಂಡು ಇಪ್ಪತ್ತಾರು ವರ್ಷ ಒಳಗೊಳಗೇ ನಕ್ಕವನು, ಈಗ ತಾನೂ ನಾಲ್ಕನೆಯ ಸಲಕ್ಕೆ ಬೆರಳೆತ್ತಿದ್ದ.

ಬೆರಳು ಗಾಳಿಯಲ್ಲೇ ನಿಂತಿತು. ತಿದ್ದಿದ್ದು ಬರಹವನ್ನು. ಓಡುತ್ತಿರುವುದು ಹಳೆಯದೇ. ಗೋಡೆಯ ಮೇಲಿನ ಬೋರ್ಡು ಬದಲಾಯಿಸಿದರೆ ಲಿಫ್ಟಿಗೆ ಹೇಗೆ ಗೊತ್ತಾಗಬೇಕು?

ಕಂಪೈಲ್ ಮಾಡಿದ. ಓಡಿಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತೂ ಮಹಡಿ ಮುಗಿದುಹೋದವು. ಮೇಡಂ ಸಹಿ ಹಾಕಿದಳು.

ಸೋಮವಾರ ನಿಯಂತ್ರಣ ಕೋಣೆಯ ಕುರ್ಚಿಯಲ್ಲಿ ಕೂತು ಬಂದವನನ್ನು ಹೆಂಡತಿ ಕೇಳಿದಳು: "ಏನ್ ಕೆಲಸ ಅಲ್ಲಿ?"

"ನೋಡ್ತಾ ಕೂರೋದು."

"ಕೆಟ್ಟೋದ್ರೆ?"

"ರಿಪೇರಿಯವ್ರಿಗೆ ಫೋನ್ ಮಾಡೋದು."

"ಅದನ್ನ ಗೇಟಿನವನೂ ಮಾಡ್ತಾನಲ್ರೀ! ಇದಕ್ಕೆ ಆರು ವಾರ ಓದಿದ್ರಾ?"

"ಅವನು ನಿಂತ್ಕೊಂಡು ಮಾಡ್ತಾನೆ ಕಣೇ" ಎಂದ ಲಿಫ್ಟಣ್ಣ.