ಪುಂಡಿಪಲ್ಲೆಯ ಮಡಿಯಲ್ಲಿ ಸಿಕ್ಕ ಬೆಳ್ಳಿ

ಸಾವಿರ ನಮೂನೆಯ ಕಿವಿಯೋಲೆ ಮಾರುತ್ತಿದ್ದ ಆಯಿಯ ಕಿವಿಯಲ್ಲಿ ಇದ್ದದ್ದು ಮಾತ್ರ ಎರಡು ಒರಟು ಬೆಳ್ಳಿ ಕೊಕ್ಕೆ. ದಪ್ಪ ತಂತಿ, ತುದಿಯನ್ನಷ್ಟೇ ಅರದಿಂದ ಉಜ್ಜಿ ಸಣ್ಣ ಮಾಡಿದ್ದು. ಅದರ ಭಾರಕ್ಕೆ ಕಿವಿಯ ತೂತು ಜಗ್ಗಿ ಉದ್ದವಾಗಿತ್ತು. "ಆಯಿ, ಇಷ್ಟ ಚಂದ ಚಂದ ಜುಮಕಿ ಇಟ್ಕೊಂಡು ಇದನ್ಯಾಕ ಹಾಕ್ಕೊಂಡಿ?" ಎಂದರೆ, "ಬುದ್ಧಿ ಇರಲಿ ಅಂತ ಹಾಕ್ಕೊಂಡೀನವ್ವಾ" ಎನ್ನುತ್ತಿದ್ದಳು. ಯಾವ ಬುದ್ಧಿ ಎಂದು ಮಾತ್ರ ಹೇಳುತ್ತಿರಲಿಲ್ಲ.

ಗೋವಾದ ಮಂಗೋರ್ ಹಿಲ್ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿ ಅವಳದು. ಬಳಗವೇನಲ್ಲ, ಅವಳು ಗದಗದ ಕಡೆಯವಳು, ನಾವು ಸಿಂದಗಿ ಕಡೆಯವರು. ಓಣಿಗೆಲ್ಲ ಆಯಿ, ನನಗೂ ಆಯಿ. ಬೆಳಿಗ್ಗೆ ಬೀಚಿಗೆ ಹೊರಟಳೆಂದರೆ ತಲೆಯ ಮೇಲೊಂದು ಗಂಟು, ಎರಡೂ ಕೈಗೆ ಮೊಣಕೈವರೆಗೆ ಮಣಿಸರ. ಶಾಲೆಯ ಮೆಟ್ಟಿಲು ಹತ್ತದವಳು ರಷ್ಯಾದವರ ಹತ್ತಿರ ಅವರ ಭಾಷೆಯಲ್ಲೇ ಚೌಕಾಸಿ ಮಾಡುತ್ತಿದ್ದಳು. ಸಂಜೆ ಬಂದು ಹೊಸ್ತಿಲ ಮೇಲೆ ಕೂತು, ತಂತಿಯನ್ನು ಹೆಬ್ಬೆರಳ ಉಗುರಿಗೆ ಆನಿಸಿ ಕೊಕ್ಕೆ ಬಗ್ಗಿಸುವಳು. "ಮನಷ್ಯಾ ಸುಳ್ಳ ಹೇಳ್ತಾನ, ತಂತಿ ಹೇಳೂದಿಲ್ಲ" ಎನ್ನುವುದು ಅವಳ ಮಾತು. ನಾನು ನಗುತ್ತಿದ್ದೆ. ನನ್ನ ಮಾನವೇ ಒಂದು ತುಂಡು ತಂತಿಯ ಮೇಲೆ ನಿಲ್ಲುತ್ತದೆಂದು ಆಗ ನನಗೇನು ಗೊತ್ತು!

ಚಾಳಿನ ಮುಂದೆ ಮಾಲಕಿಯ ಮನೆ. ಗೋವಾದವರು, ನಾವೆಲ್ಲ ಬಾಯಿ ಎಂದು ಕರೆಯುತ್ತಿದ್ದೆವು. ಅಲ್ಲಿ ಕಸ ಮುಸುರೆ ನನ್ನದು. ಆ ವರ್ಷ ಬೇಸಿಗೆಯಲ್ಲಿ ಬಾಯಿಯ ಅಜ್ಜಿ ಕಾಲದ ಬೆಳ್ಳಿಯ ಹೇರ್‌ಪಿನ್ ಕಳೆಯಿತು. ನಡುವೆ ಬಾಗಿದ, ಎರಡು ಕಾಲಿನ, ತುರುಬಿಗೆ ಸಿಗಿಸುವ ಪಿನ್ನು. ಬಾಯಿ ನನಗೆ ಬಾಯಿಬಿಟ್ಟು ಒಂದು ಮಾತೂ ಅನ್ನಲಿಲ್ಲ. ಆದರೆ ಕಪಾಟಿನ ಕೀಲಿ ಅವರ ಸೊಂಟಕ್ಕೆ ಬಂತು. ನಾನು ಕಸ ಗುಡಿಸುವಾಗ ಬಾಗಿಲಲ್ಲಿ ಬಂದು ನಿಲ್ಲತೊಡಗಿದರು. ಕೊನೆಗೆ ನಮ್ಮ ಮನೆಯವರನ್ನು ಕರೆದು, ಮಳೆಗಾಲ ಮುಗಿದ ಮೇಲೆ ಖೋಲಿ ಖಾಲಿ ಮಾಡಿ ಎಂದರು. ಕದಿಯದೆ ಕಳ್ಳಿಯಾದ ಸಂಕಟ ಇದೆಯಲ್ಲ, ಅದು ವೈರಿಗೂ ಬೇಡ.

ಮೊದಲ ಮಳೆ ಬಿದ್ದಿತ್ತು. ಊರಿಂದ ತಂದ ಪುಂಡಿಬೀಜ ಡಬ್ಬಿಯಲ್ಲಿತ್ತು. ಖೋಲಿ ಬಿಡುವವರಿಗೆ ಪುಂಡಿಪಲ್ಲೆ ಯಾಕೆ ಎಂದು ಮನಸ್ಸು ಹೇಳಿದರೂ ಕೈ ಕೇಳಲಿಲ್ಲ. ನಮ್ಮ ಹಿತ್ತಲೆಂದರೆ ಎರಡು ಗೋಣಿಚೀಲ ಹಾಸುವಷ್ಟು ಜಾಗ. ಬೆಳಿಗ್ಗೆಯೇ ಕುರ್ಪಿ ಹಿಡಿದು ಕೂತೆ. ಕೆಂಪು ಕಲ್ಲು ಎತ್ತಿ ಒಗೆದು ಮೊಳದುದ್ದ ಕೆದಕಿರಬೇಕು, ಕುರ್ಪಿಗೆ ಏನೋ ಖಣ್ ಎಂದಿತು. ತೆಗೆದರೆ ಒಂದು ತಂತಿ. ಕಟ್ಟಡದವರ ಬೈಂಡಿಂಗ್ ವೈರ್ ಇರಬೇಕೆಂದುಕೊಂಡು ಒಗೆಯಲು ಹೋದೆ. ಹೆಬ್ಬೆರಳು ತಾಗಿದಲ್ಲಿ ಮಣ್ಣು ಸರಿದು ಬೆಳ್ಳಗೆ ಹೊಳೆಯಿತು. ನಡುವೆ ಬಾಗಿತ್ತು. ಎರಡು ಕಾಲಿದ್ದವು.

ಬಾಯಿಯ ಪಿನ್ನೇ! ಕೊಟ್ಟರೆ, ಹೂತಿಟ್ಟವಳೇ ಹೆದರಿ ತಂದುಕೊಟ್ಟಳು ಎನ್ನುತ್ತಾರೆ. ಇಟ್ಟುಕೊಂಡರೆ ಖರೆಯ ಕಳ್ಳಿಯೇ ಆಗುತ್ತೇನೆ. ಡ್ಯೂಟಿಗೆ ಹೊರಟಿದ್ದ ನಮ್ಮ ಮನೆಯವರು ನೋಡಿ, "ಕೊಡಿಲ್ಲೆ, ಬಂದರಕ್ಕ ಹೊಂಟೇನಿ, ಸಮುದ್ರಕ್ಕ ಒಗದಬಿಡ್ತೀನಿ" ಎಂದರು. ನಾನು ಇನ್ನೇನು ಕೊಟ್ಟೇಬಿಡುತ್ತಿದ್ದೆ. ಅಷ್ಟರಲ್ಲಿ ಗಂಟು ಹೊತ್ತು ಹೊರಬಿದ್ದ ಆಯಿ, "ಏನದು?" ಎಂದಳು.

ಅಂಗೈ ಚಾಚಿ ಇಸಿದುಕೊಂಡಳು. ನೋಡಿದಳು. ತಲೆಯ ಮೇಲಿನ ಗಂಟನ್ನು ಇಳಿಸಿ ನೆಲಕ್ಕಿಟ್ಟಳು. ಬೀಚಿಗೆ ಹೊರಟ ಆಯಿ ಗಂಟು ಇಳಿಸಿದ್ದನ್ನು ನಾನು ಅದೇ ಮೊದಲು ಕಂಡದ್ದು.

"ಆಯಿ, ಬಾಯಿ ಪಿನ್ನ..."

"ಪಿನ್ನ ಅಲ್ಲ, ಸುಡಗಾಡ ಅಲ್ಲ. ತೊಳಿಬ್ಯಾಡ, ಮಣ್ಣ ಹಂಗ ಇರಲಿ. ನಡಿ ಬಾಯಿ ಮನಿಗೆ."

"ಬ್ಯಾಡ ಆಯಿ, ಅಂಜಿಕಿ ಬರತೈತಿ."

"ಕುಂಬಳಕಾಯಿ ಕಳ್ಳ ಅಂದ್ರ ನೀ ಯಾಕ ಹೆಗಲ ಮುಟಗೋತಿ? ನಡಿ ಅಂದ್ನೆಲ್ಲ."

ನನ್ನ ಮುಂಗೈ ಹಿಡಿದು ಎಳೆದುಕೊಂಡೇ ಹೋದಳು. ಬಾಯಿ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದರು. ಆಯಿಯ ಅಂಗೈ ನೋಡಿದವರೇ ಕಪ್ಪು ಕೆಳಗಿಟ್ಟು, "ತೆಂ ಮ್ಹಜೆಂ" ಎಂದರು, ಅದು ನನ್ನದು ಎಂದು. ಆಯಿ ಅಲ್ಲಾಡಲಿಲ್ಲ. "ನಿಮ್ಮದಿದ್ರ ತೊಗೋರಿ ಬಾಯಿ. ಒಂದ್ಸಲ ತುರುಬಿಗೆ ಹಾಕ್ಕೊಂಡ ತೋರಸ್ರಿ" ಎಂದಳು. ಕನ್ನಡ, ಹಿಂದಿ, ಕೊಂಕಣಿ ಎಲ್ಲ ಕಲಸಿದ ಅವಳ ಬೀಚ್ ಭಾಷೆ ಬಾಯಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಬಾಯಿ ತುರುಬಿಗೆ ಚುಚ್ಚಿದರು. ಎರಡು ಕಾಲು ಒಂದಕ್ಕೊಂದು ಅಂಟಿದಂತಿದ್ದವು. ನಡುವೆ ನಾಲ್ಕು ಕೂದಲೂ ಹೋಗಲೊಲ್ಲದು. ಮತ್ತೆ ಚುಚ್ಚಿದರು. ಜಾರಿ ಚಹಾದ ಬಸಿಯಲ್ಲಿ ಬಿತ್ತು. ಚಾಳಿನ ಹೆಂಗಸರು ಅಷ್ಟೊತ್ತಿಗೆ ಅಂಗಳದಲ್ಲಿ ನೆರೆದಿದ್ದರು. ಯಾರೋ ಕಿಸಕ್ಕೆಂದರು, ಬಾಯಿಗೂ ನಗು ತಡೆಯಲಿಲ್ಲ.

ಆಗ ನೋಡಬೇಕಿತ್ತು ಆಯಿಯನ್ನು. ಕಣ್ಣು ಮಿರಮಿರ ಮಿಂಚುತ್ತಿದ್ದವು. ಬಸಿಯಿಂದ ತಂತಿ ಎತ್ತಿ ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿದಳು. "ಇಲ್ಲಿ ಅಕ್ಷರ ಅದಾವ, ನೋಡ್ರಿ. ಅಚ್ಚು ದೊಡ್ಡದು, ತಂತಿ ಸಣ್ಣದು. ಅರ್ಧಾ ಅಕ್ಷರ ಹೊರಗ ಬಿದ್ದಾವ. ಒಡವಿ ಮಾಡೂ ಪತ್ತಾರ ಹಿಂಗ ಅರ್ಧಾ ಹೂವ, ಅರ್ಧಾ ಎಲಿ ಕೆತ್ತತಾನೇನು? ಇಲ್ಲಿ ನೋಡ್ರಿ, ಉಳಿ ಏಟ. ಒಳಗೂ ಬೆಳ್ಳಿ ಐತೋ ಇಲ್ಲೋ ಅಂತ ಯಾರೋ ಕಡದ ನೋಡ್ಯಾರ. ತಲಿಗೆ ಹಾಕ್ಕೊಳ್ಳೂದನ್ನ ಯಾರೂ ಕಡದ ನೋಡೂದಿಲ್ಲ. ರೊಕ್ಕಾನ ಅಷ್ಟ ಹಂಗ ನೋಡತಾರ. ಇದು ಹಳೇ ಕಾಲದ ರೊಕ್ಕ."

"ತಂತೀನೂ ರೊಕ್ಕ ಇರತೈತೇನ ಆಯಿ?" ಎಂದೆ.

ಆಯಿ ಎಡಗಿವಿಯ ಕೊಕ್ಕೆ ಬಿಚ್ಚಿ ತಂತಿಯ ಪಕ್ಕ ಇಟ್ಟಳು. ಅದೇ ದಪ್ಪ. ಅದೇ ಅರ್ಧರ್ಧ ಅಕ್ಷರ.

"ಭಾಳ ವರ್ಷದ ಹಿಂದ, ಮುರಕಲ ಮೋಡಕಾ ಬೆಳ್ಳಿಯೊಳಗ ನನಗೂ ಇಂಥಾದೊಂದು ಬಂದಿತ್ತು. ಕತ್ತರಿಸಿ ಕೊಕ್ಕಿ ಮಾಡಿದೆ. ಬೀಚಿನಾಗ ಒಬ್ಬ ಮುದುಕ ಫಾರಿನರ್ ನೋಡಿ ಹಣಿ ಹಣಿ ಬಡಕೊಂಡ. ಇದು ರಾಜರ ಕಾಲದ ರೊಕ್ಕ, ಕೆಡಿಸಿಬಿಟ್ಟಿ ಅಂದ. ಅವತ್ತಿಂದ ಮಾರಿಲ್ಲ. ಒಂದು ಕೆಡಿಸಿದಾಕಿಗೆ ಎರಡನೇದರ ಗುರುತ ಸಿಗತೈತಿ ನೋಡವ್ವಾ."

ಆಮೇಲೆ ನಮಗೆ ಕೂತಲ್ಲಿ ಕೂರಲಾಗಲಿಲ್ಲ. ಬಾಯಿಯೇ ಮೊದಲು ಚಪ್ಪಲಿ ಹಾಕಿಕೊಂಡರು. ಮೂವರೂ ಬಸ್ಸು ಹತ್ತಿ ಪಣಜಿಗೆ, ಹಳೆಯ ವಸ್ತು ನೋಡುವ ಸರ್ಕಾರಿ ಕಚೇರಿಗೆ ಹೋದೆವು. ತಂತಿ ನನ್ನ ಮುಷ್ಟಿಯಲ್ಲಿತ್ತು. ದಾರಿಯುದ್ದಕ್ಕೂ ಮುಷ್ಟಿ ಬಿಚ್ಚಲಿಲ್ಲ. ಕಚೇರಿಯ ಸಾಹೇಬರು ಭೂತಗನ್ನಡಿ ಹಿಡಿದು ನೋಡಿ ಕುರ್ಚಿಯಿಂದ ಎದ್ದುಬಿಟ್ಟರು. ಇದಕ್ಕೆ ಲಾರಿನ್ ಎನ್ನುತ್ತಾರೆ, ಬೆಳ್ಳಿ ತಂತಿಯನ್ನು ಬಗ್ಗಿಸಿ ಅಚ್ಚು ಹೊಡೆದ ನಾಣ್ಯ. ಹಡಗಿನ ವ್ಯಾಪಾರಿಗಳು ಬಂದರಿನಿಂದ ಬಂದರಿಗೆ ಒಯ್ಯುತ್ತಿದ್ದರು. ಇದು ಬಿಜಾಪುರದ ಸುಲ್ತಾನರದು, ಮುನ್ನೂರು ವರ್ಷಕ್ಕೂ ಹಿಂದಿನದು ಎಂದರು. ಬಿಜಾಪುರವೇ! ನಮ್ಮ ಊರಿನ ಬಸ್ಸು ಹಾಯುವ ಬಿಜಾಪುರ. "ನೋಡ, ನಿನಗಿಂತ ಮೊದಲ ಇದು ದುಡಿಯಾಕ ಗೋವಾಕ್ಕ ಬಂದೈತಿ" ಎಂದಳು ಆಯಿ. ನಾನು ನಗುತ್ತಾ ನಗುತ್ತಾ ಅತ್ತುಬಿಟ್ಟೆ.

ನೆಲದಲ್ಲಿ ಸಿಕ್ಕದ್ದು ಸರ್ಕಾರಕ್ಕೆ ಸೇರಬೇಕಂತೆ. ಸಾಹೇಬರು ರಸೀದಿ ಬರೆಯುತ್ತ, ಸಿಕ್ಕಿದ್ದು ಯಾರಿಗೆ ಎಂದರು. "ಆಯಿ ಹೆಸರ ಬರೀರಿ" ಎಂದೆ. ಆಯಿ ಮೇಜಿಗೆ ಕೈ ಊರಿ, "ಈಕಿ ಹೆಸರ ಬರೀರಿ ಸಾಹೇಬ್ರ. ಸಿಕ್ಕಿದ್ದನ್ನ ತಂದ ಕೊಟ್ಟಾಕಿ ಅಂತ ಬರೀರಿ" ಎಂದಳು. ಗೋವಾದಲ್ಲಿ ನನ್ನ ಹೆಸರು ಬಿದ್ದ ಮೊದಲ ಕಾಗದ ಬಾಡಿಗೆದಾರರ ಪೊಲೀಸ್ ಫಾರ್ಮು. ಎರಡನೆಯದು ಈ ರಸೀದಿ. ಮನೆಗೆ ಬಂದ ಮೇಲೆ ಬಾಯಿ ಸೊಂಟದ ಕೀಲಿ ತೆಗೆದು ನನ್ನ ಕೈಗಿಟ್ಟು, ಕಪಾಟಿನಿಂದ ಸಕ್ಕರೆ ತಾ, ಎಲ್ಲರಿಗೂ ಚಹಾ ಮಾಡು ಎಂದರು. ಅವರ ಪಿನ್ನು ಇವತ್ತಿಗೂ ಸಿಕ್ಕಿಲ್ಲ. ಖೋಲಿ ಬಿಡುವ ಮಾತು ಮತ್ತೆ ಬರಲಿಲ್ಲ. ಪುಂಡಿ ಮಾತ್ರ ಆ ವರ್ಷ ಮೊಣಕಾಲೆತ್ತರ ಬಂತು. ಮೊದಲ ಕುಡಿ ಆಯಿಗೆ, ಎರಡನೆಯದು ಬಾಯಿಗೆ.

ಹೋದ ವರ್ಷ ಆಯಿ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಓಣಿಯವರನ್ನೆಲ್ಲ ಕರೆಸಿದಳು, ಬಾಯಿಯನ್ನೂ ಕರೆಸಿದಳು. ಎಲ್ಲರೂ ಖೋಲಿಯಲ್ಲಿ ಒತ್ತಿ ನಿಂತ ಮೇಲೆ, ತಾನೇ ಎರಡೂ ಕಿವಿಯ ಕೊಕ್ಕೆ ಬಿಚ್ಚಿ ನನ್ನ ಅಂಗೈಗೆ ಹಾಕಿದಳು. "ಯಾಕ ಆಯಿ, ಇಷ್ಟ ಮಂದಿ ಮುಂದ?" ಎಂದೆ. ಅವಳು ನನ್ನನ್ನು ನೋಡಲಿಲ್ಲ, ಬಾಯಿಯನ್ನು ನೋಡಿದಳು.

"ಬಾಯಿ, ನೋಡ್ರಿ. ಜೀವ ಇರೂವಾಗ ನಾನ ನನ್ನ ಕೈಯಾರೆ ಕೊಟ್ಟೀನಿ. ಸತ್ತಾಕಿ ಕಿವಿ ಬರೇ ಯಾಕ ಐತಿ ಅಂತ ನಾಳಿ ಯಾರೂ ಈಕಿನ್ನ ಕೇಳಬಾರದು."

ಬಾಯಿಯ ಕಣ್ಣು ತುಂಬಿದವು. "ಹಾಂವೆಂ ಪಳಯ್ಲಾಂ" ಎಂದರು. ನಾನು ನೋಡಿದ್ದೇನೆ ಎಂದು.

ಮೂರನೆಯ ದಿನ ಆಯಿ ಹೋದಳು. ಆ ಕೊಕ್ಕೆಗಳನ್ನು ನನ್ನ ಕಿವಿಗೆ ಹಾಕಿದವರು ಬಾಯಿಯೇ. ಕಿವಿಯ ತೂತು ಈಗೀಗ ಜಗ್ಗತೊಡಗಿದೆ.